ಹಿಂಗಾಲು, ಮೂರು ನೂಲು ಕಡಿಮೆ

ನಲವತ್ತನೆಯ ಪುಟವನ್ನು ಅವನು ವಾಪಸು ಕಳಿಸಿದ್ದ.

ಅವಳು ಫೋನನ್ನು ಎರಡು ಸಲ ನೋಡಿದಳು. ಮರಗೆಲಸ ಕಲಿಸುವ ಸಂಸ್ಥೆಯವರು ಒಂದು ಆ್ಯಪ್ ಕೊಟ್ಟಿದ್ದರು. ಅದರಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಪೋರ್ಟ್‌ಫೋಲಿಯೊ, ವಾರಕ್ಕೊಂದು ಪುಟ. ಮಾಡಿದ ಕೆಲಸದ ಫೋಟೊ ಹಾಕಿ ಕೆಳಗೆ ಬರೆಯಬೇಕು: ಏನು ಮಾಡಿದಿರಿ, ಎಲ್ಲಿ ತಪ್ಪಿತು, ಅದರಿಂದ ಏನು ಕಲಿತಿರಿ. ತಪ್ಪೇ ಆಗಲಿಲ್ಲ ಎಂದು ಬರೆದರೆ ಸಂಸ್ಥೆಯ ಮೇಡಂ ನಂಬುತ್ತಿರಲಿಲ್ಲ. ಕೊನೆಗೆ, ಶೆಡ್ಡಿನಲ್ಲಿ ಕೆಲಸ ಕಲಿಸುವವನು ಓದಿ ಒಪ್ಪಬೇಕು.

ಮೂವತ್ತೊಂಬತ್ತು ವಾರ ಅವನು ಒಪ್ಪಿದ್ದ. ಪ್ರತಿ ಸಲವೂ ಒಂದೇ ಷರಾ: 'ನೋಡಿದೆ.' ಎರಡನೆಯ ಪದ ಬರೆದರೆ ಮುತ್ತು ಉದುರೀತೆಂದು ಹೆದರಿದವನಂತೆ.

ಈಗ ಅದೂ ಇಲ್ಲ. ಇವತ್ತು ಬುಧವಾರ. ಶುಕ್ರವಾರ ಸಂಜೆ ಐದಕ್ಕೆ ಪೋರ್ಟ್‌ಫೋಲಿಯೊ ಮುಚ್ಚುತ್ತದೆ. ನಲವತ್ತು ಪುಟ ಪೂರ್ತಿಯಾದರೆ ಸರ್ಟಿಫಿಕೇಟು. ಸರ್ಟಿಫಿಕೇಟಿದ್ದರೆ ಸೋಮವಾರದಿಂದ ಮರದ ಮೆಟ್ಟಿಲು ಮಾಡುವ ಕಂಪನಿಯಲ್ಲಿ ಕೆಲಸ. ಆರು ವರ್ಷ ಹೆಡ್‌ಫೋನ್ ಹಾಕಿಕೊಂಡು ಕಂಡವರ ದೂರು ಕೇಳಿ, ಮೂವತ್ತಕ್ಕೆ ಉಳಿ ಹಿಡಿದವಳಿಗೆ ಇದು ಸಣ್ಣ ವಿಷಯವಲ್ಲ.

ಅವನು ಬಾಗಿಲ ಬೆಳಕಿನಲ್ಲಿ ಹಲಗೆ ಕೀಸುತ್ತಿದ್ದ. ಅಂಗುಲದ ಎಂಟನೇ ಒಂದು ಭಾಗಕ್ಕೆ ಬಡಗಿಗಳು ನೂಲು ಎನ್ನುತ್ತಾರೆ. ಇವನು ಅದರಲ್ಲೂ ಅರ್ಧ ಹೆಚ್ಚುಕಡಿಮೆಯಾದರೆ ಸಹಿಸುವವನಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಇವನ ಹೆಸರು ಅರೆನೂಲು. ಶೆಡ್ಡು ಅವನ ಸೋದರಮಾವನದು. ಮಾವನಿಗೆ ಬಾಯಿ, ಅಳಿಯನಿಗೆ ಕೈ ಎಂದು ಯಾರೋ ಪಾಲು ಮಾಡಿಕೊಟ್ಟಂತಿತ್ತು.

"ಗುರುಗಳೇ, ನನ್ನ ಪುಟ ಯಾಕೆ ವಾಪಸು ಬಂತು?"

"ಅದ್ರಲ್ಲಿರೋದು ನಿಜ ಅಲ್ಲ."

"ಕುರ್ಚಿಯ ಹಿಂಗಾಲು ಮೂರು ನೂಲು ಕಡಿಮೆ ಕೊಯ್ದೆ ಅಂತ ಬರ್ದಿದೀನಿ. ಕೊಯ್ದಿದ್ದು ನಾನೇ ತಾನೆ?"

"ಗೆರೆ ಎಳೆದಿದ್ದು ನಾನು. ನೀವು ಗೆರೆ ಮೇಲೇ ಕೊಯ್ದಿದೀರಿ. ಚೆನ್ನಾಗೇ ಕೊಯ್ದಿದೀರಿ."

ಮೂಲೆಯಲ್ಲಿ ಅಂಟು ಕಲಸುತ್ತಿದ್ದ ಮಾವ ತಲೆಯೆತ್ತಿದರು. "ಏನಂದೆ? ಕೂತವರನ್ನೆಲ್ಲ ತೊಟ್ಟಿಲಂಗೆ ತೂಗ್ತಿತ್ತಲ್ಲ ಆ ಕುರ್ಚಿ, ಅದು ನಿನ್ನ ಕೈಚಳಕನಾ? ಒಂದು ವಾರದಿಂದ ಈ ಮಗಳನ್ನ ಸುಮ್ಮಸುಮ್ಮನೆ ಆಡ್ಕೊಂಡೆನಲ್ಲೋ."

"ಹೂಂ, ಮಾವ."

"ಹೋಗ್ಲಿ, ಆನೆಯಂಥ ಆನೆನೇ ಮುಗ್ಗರಿಸುತ್ತೆ. ಆದ್ರೆ ಕಾಲಿಗೆ ಏನಾದ್ರೂ ಸಿಕ್ಕಿರಬೇಕಲ್ಲ." ಮಾವ ಅಳಿಯನನ್ನು ನೋಡಿದರು, ಅವಳನ್ನು ನೋಡಿದರು, ಅಂಟಿನ ಡಬ್ಬಿ ಎತ್ತಿಕೊಂಡು ಹೊರಗೆ ನಡೆದರು.

ಅವಳು ದನಿ ತಗ್ಗಿಸಿದಳು. "ಇವರು ನಿಮ್ಮನ್ನ ಹೀಗೆ ವರ್ಷಗಟ್ಟಲೆ ಆಡ್ಕೋತಾರೆ ಅಂತಲೇ ತಪ್ಪನ್ನ ನನ್ನ ಮೇಲೆ ಹಾಕ್ಕೊಂಡಿದ್ದು. ಸೋಮವಾರದಿಂದ ನಾನಂತೂ ಇಲ್ಲಿರಲ್ಲ."

ಕೀಸುಳಿ ನಿಂತಿತು. "ಮಾಡದ ತಪ್ಪಿಂದ ಏನು ಕಲಿತಿರಿ?"

"ಗಮನವಿಟ್ಟು ಕೊಯ್ಯಬೇಕು ಅಂತ."

"ಅದು ನಿಮಗೆ ಮೊದಲ ತಿಂಗಳಲ್ಲೇ ಬರ್ತಿತ್ತು."

ಅವನ ನೋಟ ಅವಳ ಮುಖದವರೆಗೆ ಬಂದು, ಅಲ್ಲಿ ಕೂರಬಹುದೇ ಎಂದು ಕೇಳಲಾರದೆ, ಮತ್ತೆ ಹಲಗೆಗೆ ಇಳಿಯಿತು.

ಮಧ್ಯಾಹ್ನ ಅವಳು ತಿದ್ದಿ ಬರೆದಳು: 'ಗುರುಗಳು ಎಳೆದ ಗೆರೆಯೆಂದು ಅಳೆಯದೆ ಕೊಯ್ದೆ. ಯಾರೇ ಎಳೆದಿರಲಿ, ಕೊಯ್ಯುವವರು ಮತ್ತೊಮ್ಮೆ ಅಳೆಯಬೇಕೆಂದು ಕಲಿತೆ.' ಅವನು ಒಪ್ಪಿದ. ಆದರೆ ಮೇಡಂ ಕೊಕ್ಕೆ ಹಾಕಿದರು: ತಪ್ಪು ಕಲಿಸುವವರದಾದರೆ ಅದರ ಕಾರಣವನ್ನು ಅವರೇ ಬರೆಯಬೇಕು.

ಅವನು ಬರೆದ: 'ಗಮನ ಬೇರೆ ಕಡೆ ಇತ್ತು.'

ಮೇಡಂ ಬರೆದರು: 'ಎಲ್ಲಿತ್ತು? ವಿವರಿಸಿ.'

ಗುರುವಾರವಿಡೀ ಅವನು ವಿವರಿಸಲಿಲ್ಲ.

"ಏನೋ ಒಂದು ಬರೀರಿ, ಗುರುಗಳೇ," ಎಂದಳು ಅವಳು. "ತಲೆನೋವಿತ್ತು ಅನ್ನಿ."

"ಇರಲಿಲ್ಲ."

"ನೊಣ ಬಂತು ಅನ್ನಿ."

"ನೊಣ ಅಲ್ಲ ಅದು," ಎಂದವನು ಕಿವಿ ಕೆಂಪಗೆ ಮಾಡಿಕೊಂಡು ಮರದ ರಾಶಿಯ ಹಿಂದೆ ಹೋದ. ಅಲ್ಲಿ ಅವನಿಗೇನೂ ಕೆಲಸವಿರಲಿಲ್ಲ.

ಶುಕ್ರವಾರ ನಾಲ್ಕಕ್ಕೆ ಮಾವನ ತಾಳ್ಮೆ ಮುಗಿಯಿತು. "ಏನೋ, ಈ ಮಗಳ ಕೆಲಸ ಹೋದ್ರೆ ನಿನ್ನ ಮೌನ ಬಂದು ಸಂಬಳ ಕೊಡುತ್ತಾ?"

ಅವನು ಕೈ ಒರೆಸಿಕೊಂಡ. ಫೋನು ತೆಗೆದು ಒಂದೇ ಬೆರಳಿನಲ್ಲಿ ಇಪ್ಪತ್ತು ನಿಮಿಷ ಬರೆದ. ಅಷ್ಟು ಹೊತ್ತೂ ಅವಳು ಆಗಲೇ ಗುಡಿಸಿದ್ದ ನೆಲವನ್ನು ಗುಡಿಸಿದಳು.

ಅವಳ ಫೋನು ಸದ್ದು ಮಾಡಿತು. ಕಲಿಯುವವರೂ ಓದಬೇಕೆಂಬುದು ನಿಯಮ.

'ಅವತ್ತು ಇವರು ಕಿಟಕಿಯ ಹತ್ತಿರ ಉಳಿ ಮಸೆಯುತ್ತಿದ್ದರು. ಮಸೆದ ಅಂಚನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಸರಿಯಾಗಿದ್ದರೆ ತಮ್ಮಷ್ಟಕ್ಕೆ ತಲೆಯಾಡಿಸುತ್ತಾರೆ. ತಲೆಯಾಡಿಸಲಿ ಎಂದು ಕಾಯುತ್ತ ಗೆರೆ ಎಳೆದೆ. ಮುಂದೆ ಈ ತಪ್ಪು ಆಗುವುದಿಲ್ಲ. ಸೋಮವಾರದಿಂದ ಇವರು ಇಲ್ಲಿರುವುದಿಲ್ಲ. ತಪ್ಪು ಆಗುತ್ತಿದ್ದರೇ ಚೆನ್ನಾಗಿತ್ತು.'

ಕೆಳಗೆ ಮೇಡಂ: 'ಒಪ್ಪಿದೆ. ಇದಕ್ಕೆ ಫೋಟೊ ಕೇಳುವುದಿಲ್ಲ.'

ಅವಳು ಮೂರು ಸಲ ಓದಿದಳು. ಅವನು ಬೆನ್ನು ತಿರುಗಿಸಿಕೊಂಡು, ವಿಂಗಡಿಸಿಟ್ಟಿದ್ದ ಮೊಳೆಗಳನ್ನು ವಿಂಗಡಿಸುತ್ತಿದ್ದ. ಮಾವ ಯಾವುದೋ ಗಿರಾಕಿಯ ನೆಪ ಹೇಳಿ ಬೀದಿಗಿಳಿದಿದ್ದರು.

"ನಾನು ತಲೆಯಾಡಿಸ್ತೀನಾ?"

"ಹೂಂ."

"ಯಾರೂ ಹೇಳಿರಲಿಲ್ಲ."

"ಯಾರೂ ಅಷ್ಟು ನೋಡಿರಲಿಕ್ಕಿಲ್ಲ."

ಅವಳಿಗೆ ನಗು ಬಂತು. "ನಲವತ್ತು ವಾರಕ್ಕೆ ಇಷ್ಟು ಬರ್ದಿದ್ದು ಇವತ್ತೇ."

"ಯಾರೂ ವಿವರಿಸಿ ಅಂದಿರಲಿಲ್ಲ."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಅವನ ಪಕ್ಕ ಬಂದು ನಿಂತಳು. ಕೈಗೆ ಸಿಕ್ಕ ಮೊಳೆಯೊಂದನ್ನು ಬೇಕೆಂದೇ ತಪ್ಪು ಡಬ್ಬಿಗೆ ಹಾಕಿದಳು. ಅವನು ತೆಗೆಯಲಿಲ್ಲ.

"ಸೋಮವಾರ ನಾನು ಆ ಕೆಲಸಕ್ಕೆ ಹೋಗ್ತೀನಿ."

"ಹೋಗ್ಲೇಬೇಕು."

"ಐದೂವರೆಗೆ ಬಿಡ್ತಾರೆ. ಅಲ್ಲಿಂದ ಇಲ್ಲಿಗೆ ಹತ್ತು ನಿಮಿಷ ಇರಬಹುದು."

"ಒಂಬತ್ತು."

ಅವಳು ಅವನ ಕಡೆ ತಿರುಗಿದಳು. ಈ ಸಲ ಅವನ ನೋಟ ಇಳಿದು ಹೋಗಲಿಲ್ಲ.

"ನಿನ್ನೆ ಸಂಜೆ ನಡೆದು ನೋಡ್ದೆ. ಇಲ್ಲಿಂದ ಹೋಗೋಕೆ ಎಂಟು. ಬರುವಾಗ ಏರುದಾರಿ, ಅದಕ್ಕೆ ಒಂದು ಜಾಸ್ತಿ."

"ಜೊತೆಗೊಬ್ಬರು ಕರ್ಕೊಂಡು ಬರೋಕೆ ಬಂದ್ರೆ, ಮಾತಾಡ್ಕೊಂಡು ನಡೆದ್ರೆ, ಇಪ್ಪತ್ತಾಗುತ್ತೆ."

ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ಇಪ್ಪತ್ತೈದಾದ್ರೂ ಪರವಾಗಿಲ್ಲ," ಎಂದ.