ತಟಸ್ಥ ರಾಷ್ಟ್ರದ ಪ್ರತಿನಿಧಿ

ಓಬಳೇಶ ಕೈ ಎತ್ತಲಿಲ್ಲ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಭಾರತ ತಟಸ್ಥ" ಎಂದ.

ಎಂಬತ್ಮೂರನೇ ಇಸವಿ. ಹರಪನಹಳ್ಳಿಯ ನಮ್ಮ ಕಾಲೇಜಿನಲ್ಲಿ ಪಾಲಾಕ್ಷಪ್ಪ ಮೇಷ್ಟ್ರು ಅಣಕು ವಿಶ್ವಸಂಸ್ಥೆ ನಡೆಸಿದ್ದರು. ಚೀಟಿ ಎತ್ತಿದಾಗ ನನಗೆ ನೇಪಾಳ ಬಂತು, ಅವನಿಗೆ ಭಾರತ. ಸಮುದ್ರವಿಲ್ಲದ ದೇಶಗಳಿಗೆ ನೆರೆಯವರು ದಾರಿ ಬಿಡಬೇಕು ಎಂಬುದು ನನ್ನ ಠರಾವು.

"ಸುತ್ತಲೂ ನಿಮ್ಮ ಹೊಲ, ನಡುವ ನಮ್ಮದೊಂದು ತುಂಡು. ಬಂಡಿದಾರಿ ಬಿಡಂಗಿಲ್ಲಂದ್ರ ಜ್ವಾಳದ ಚೀಲ ಹೊತ್ಗೊಂಡು ನಾವೇನು ಹಾರಬೇಕೇನ್ರಿ?" ಎಂದು ಕೇಳಿದ್ದೆ. ಮೇಷ್ಟ್ರೇ ನಕ್ಕು ಮೇಜು ಬಡಿದಿದ್ದರು. ಎಣಿಸಿದರೆ ಎರಡೂ ಕಡೆ ಸಮ ಬಂತು, ಠರಾವು ಬಿತ್ತು. ಅವನೊಂದು ಕೈ ಎತ್ತಿದ್ದರೆ ಗೆಲ್ಲುತ್ತಿದ್ದೆ.

ನನ್ನ ಸಿಟ್ಟು ನೇಪಾಳದ್ದಲ್ಲ. ವರ್ಷವಿಡೀ ಲೈಬ್ರರಿಯಲ್ಲಿ ಪುಸ್ತಕದ ಮೇಲಿಂದ ನನ್ನನ್ನೇ ನೋಡುವವನು, ನಾನು ನೋಡಿದರೆ ಪುಟ ತಿರುವುವವನು ಇವನು. ಸಂಜೆ ನಾನು ಬಸ್ಸು ಹತ್ತುವವರೆಗೂ ಸ್ಟ್ಯಾಂಡಿನಲ್ಲಿ ಶೇಂಗಾ ತಿನ್ನುತ್ತ ನಿಲ್ಲುತ್ತಿದ್ದ. ಅವನಿಗೆ ಶೇಂಗಾ ಸೇರುವುದೇ ಇಲ್ಲ ಎಂದು ಆಮೇಲೆ ಗೊತ್ತಾಯಿತು.

ಆ ಸಂಜೆಯೂ ನಿಂತಿದ್ದ. ನನಗೆ ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿತ್ತು. ಕೊನೆಗೆ ನಾನೇ ಹೋಗಿ ಎದುರು ನಿಂತೆ.

"ಯಾಕ್ರಿ ಕೈ ಎತ್ತಲಿಲ್ಲ?"

"ಎತ್ತಿದ್ರ ಎಲ್ಲಾರೂ ನಿಮ್ಮ ಹೆಸರು ಹಿಡದು ಆಡ್ಕೊಂತಿದ್ರು."

"ವಿರುದ್ಧನಾರ ಹಾಕಬೇಕಿತ್ತು."

"ನಿಮ್ಮ ವಿರುದ್ಧ ಕೈ ಏಳಂಗಿಲ್ಲ."

ಇದನ್ನು ಅವನು ತನ್ನ ಚಪ್ಪಲಿಗೆ ಹೇಳಿದ. ಕಿವಿ ಮಾತ್ರ ಕೆಂಪಾಗಿದ್ದವು. ಹಾಳಾದವನು, ಸಿಟ್ಟು ಮಾಡಲೂ ಬಿಡುವುದಿಲ್ಲ.

"ನಾಳೆ ಹಡಗಲಿಯವರು ನನ್ನ ನೋಡಾಕ ಬರ್ತಾರ" ಎಂದೆ.

"ಕೇಳೀನಿ."

"ಅಷ್ಟೇನಾ?"

"ನನಗಿನ್ನೂ ನೌಕರಿ ಇಲ್ಲ, ಉಚ್ಚಂಗೆಮ್ಮ. ನಿಮ್ಮಣ್ಣಗ ಹೆಂಗ ಮುಖ ತೋರಿಸ್ಲಿ?"

ನನ್ನಣ್ಣ ಗಾದಿಲಿಂಗಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅಪ್ಪ ತೀರಿದ ಮೇಲೆ ಮನೆಯಲ್ಲಿ ಅವನ ಮಾತೇ ಮಾತು.

"ನೋಡ್ರಿ, ನಿಮ್ಮ ವಿಶ್ವಸಂಸ್ಥ್ಯಾಗ ಸುಮ್ಮನಿದ್ದೋರು ತಟಸ್ಥರು. ನಮ್ಮನ್ಯಾಗ ಹುಡುಗಿ ಸುಮ್ಮನಿದ್ರ ಒಪ್ಪಿಗಿ. ಎಲಿ ಅಡಿಕಿ ಹಂಚೇ ಬಿಡ್ತಾರ. ಬ್ಯಾಡ ಅಂದ್ರ, ಯಾರಾರ ಅದಾರೇನು ಅಂತ ಅಣ್ಣ ಕೇಳ್ತಾನ. ಯಾರ ಹೆಸರು ಹೇಳ್ಲಿ?"

ಅವನು ಪೊಟ್ಟಣದಲ್ಲಿ ಶೇಂಗಾ ಹುಡುಕಿದ. ನಮ್ಮೂರು ತೆಲಿಗಿಯ ಬಸ್ಸು ಬಂತು. ಹತ್ತಿ ಕೂತೆ.

ಬಸ್ಸು ಹೊರಟಾಗ ಹಿಂದಕ್ಕೆ ನೋಡಬಾರದು ಎಂದುಕೊಂಡೇ ನೋಡಿದೆ. ಓಬಳೇಶ ಪೊಟ್ಟಣ ಬಿಸಾಡಿ, ಅಷ್ಟು ಜನರ ಎದುರು ಬಲಗೈ ನೆಟ್ಟಗೆ ಮೇಲೆತ್ತಿಕೊಂಡು ಓಡಿಬರುತ್ತಿದ್ದ. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ನಮ್ಮ ಅಮೆರಿಕ, ರಷ್ಯಾ ಎಲ್ಲ ಹೊರಗೆ ಬಂದು ನೋಡಿದವು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ, ಅವನು ಹತ್ತಿದ.

"ಕೂಡ್ಲಿಗಿ ಬಸ್ಸು ಆ ಕಡಿ ನಿಂತೈತಿ ನೋಡಪ್ಪ." ಇವನ ಊರು ಯಾವುದೆಂದು ಕಂಡಕ್ಟರಿಗೂ ಗೊತ್ತಿತ್ತು.

"ಗೊತ್ತೈತಿ. ತೆಲಿಗಿ ಒಂದು ಕೊಡ್ರಿ."

ನನ್ನ ಸೀಟಿನ ಪಕ್ಕ ಕಂಬಿ ಹಿಡಿದು ನಿಂತ. ಆಮೇಲೆ, ಮೊದಲ ಸಲ, ಕಣ್ಣು ಕೆಳಗೆ ಹಾಕದೆ ನೋಡಿದ.

"ನಿಮ್ಮಣ್ಣಗ ನನ್ನ ಹೆಸರು ನಾನೇ ಹೇಳ್ತೀನಿ. ನೀವಿಲ್ಲದ ನನಗಾಗಂಗಿಲ್ಲ."

"ಬೈದ್ರ?"

"ಬೈಸ್ಕೊಂತೀನಿ."

"ಹೊಡದ್ರ?"

ಸ್ವಲ್ಪ ಯೋಚಿಸಿದ.

"ಅವಾಗ ತಟಸ್ಥ."