ಪಟ್ಟೆಪಟ್ಟೆ ಜೇಬು

“ಇನ್ನೂ ಸ್ವಲ್ಪ ಎಡಕ್ಕೆ! ಅಯ್ಯೋ, ನಿನ್ನ ಎಡಕ್ಕಲ್ಲ ಕಣೇ, ನನ್ನ ಎಡಕ್ಕೆ!”

ಬುಗುರಿ ನಲ್ಲಿಯ ಪಕ್ಕ ಬೋರಲಾಗಿ ಮಲಗಿದ್ದಳು. ಅವಳ ಬಲಗೈ ಮೊಣಕೈವರೆಗೂ ಚರಂಡಿಯೊಳಗಿತ್ತು. ಸುತ್ತ ಇಡೀ ಐದನೇ ತರಗತಿ ನೆರೆದಿತ್ತು. ಸಲಹೆ ಕೊಡಲು ಎಲ್ಲರೂ ಮುಂದು, ಕೈ ಹಾಕಲು ಯಾರೂ ಇಲ್ಲ.

“ಸಿಕ್ತು!” ಎಂದಳು. ಸಿಕ್ಕಿದ್ದು ಒಂದು ಬಾಟಲಿ ಮುಚ್ಚಳ.

ಎರಡನೇ ಸಲ ಕೀ ಸಿಕ್ಕಿತು. ಆಟದ ಸಾಮಾನಿನ ಕಪಾಟಿನ ಕೀ. ಬುಗುರಿ ತರಗತಿಯ ಆಟದ ಲೀಡರ್. ಕಪಾಟು ತೆಗೆದು ಚೆಂಡು, ಹಗ್ಗ ಕೊಡುವುದು ಅವಳ ಕೆಲಸ. ನಿಂತಲ್ಲಿ ಒಂದು ಕ್ಷಣ ನಿಲ್ಲುವುದಿಲ್ಲ ಎಂದೇ ಎಲ್ಲರೂ ಅವಳನ್ನು ಬುಗುರಿ ಅನ್ನುತ್ತಿದ್ದರು. ಅಂಥವಳ ಸಾಕ್ಸಿನೊಳಗೆ ಒಂದು ಕೀ ಎಷ್ಟು ಹೊತ್ತು ತಾನೇ ನಿಂತೀತು?

ಪಿ.ಟಿ. ಸರ್ ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಬಂದರು. “ಇದು ಎಷ್ಟನೇ ಸಲ?”

“ಎರಡನೇ ಸಲ ಸರ್.”

“ಮೂರನೇದು ಸರ್,” ಎಂದ ಗಿಲಕಿ, ಬಲು ವಿನಯದಿಂದ. “ಮೊದಲು ಕಂಪಾಸ್ ಬಾಕ್ಸಲ್ಲಿಟ್ಟು, ಬಾಕ್ಸನ್ನೇ ಮನೇಲಿ ಬಿಟ್ಟು ಬಂದ್ಲು. ಆಮೇಲೆ ಜಡೆಗೆ ಕಟ್ಕೊಂಡು ಬೀಳಿಸ್ಕೊಂಡ್ಲು.”

ಗಿಲಕಿಯ ಚಡ್ಡಿಗೆ ಎರಡು ಜೇಬು, ಅಂಗಿಗೆ ಒಂದು. ಗೋಲಿ, ಪೆನ್ಸಿಲ್ ತುಂಡು, ನಟ್ಟು, ಬೋಲ್ಟು ಎಲ್ಲ ಅಲ್ಲೇ ವಾಸ. ಅವನು ಬರುವ ಮೊದಲೇ ಅವನ ಸದ್ದು ಬರುತ್ತಿತ್ತು.

“ಹಾಗಾದ್ರೆ ಕೀ ಇವನ ಹತ್ರಾನೇ ಇರ್ಲಿ,” ಎಂದರು ಸರ್.

“ಅವನಿಗೆ ಜೇಬಿದೆ ಸರ್! ನಮ್ಮ ಸ್ಕರ್ಟಿಗೆ ಒಂದೂ ಇಲ್ಲ. ನಾನೆಲ್ಲಿ ಇಟ್ಕೊಳ್ಲಿ, ಬಾಯಲ್ಲಾ?”

ಮಕ್ಕಳು ಘೊಳ್ಳೆಂದು ನಕ್ಕರು. ಸರ್ ನಗಲಿಲ್ಲ. ಅವಳ ಸ್ಕರ್ಟನ್ನು ಈಗ ತಾನೇ ಕಂಡವರಂತೆ ನೋಡಿದರು. ಮೆಲ್ಲಗೆ ತಮ್ಮ ಕೈಗಳನ್ನು ಜೇಬಿನಿಂದ ಹೊರಗೆ ತೆಗೆದರು.

“ಸರಿ. ಎರಡು ದಿನ ರಜೆ ಇದೆ. ಸೋಮವಾರದೊಳಗೆ ಏನಾದ್ರೂ ದಾರಿ ಮಾಡ್ಕೊಂಡ್ ಬಾ. ಇಲ್ದಿದ್ರೆ ಗಿಲಕಿನೇ ಲೀಡರ್.”

ಮನೆಯಲ್ಲಿ ಅಜ್ಜಿ ಎಂದಿನಂತೆ ಕನ್ನಡಕ ಹುಡುಕುತ್ತಿದ್ದಳು.

“ನಿನ್ನ ತಲೆ ಮೇಲೇ ಇದೆಯಲ್ಲ ಅಜ್ಜೀ.”

“ಹೌದಲ್ವೇ! ಬೆಳಗ್ಗಿಂದ ಮನೆಯೆಲ್ಲ ಜಾಲಾಡಿದೆ ಕಣೇ.”

ಅಜ್ಜಿ ಮೂವತ್ತು ವರ್ಷ ರೆಡಿಮೇಡ್ ಬಟ್ಟೆ ಫ್ಯಾಕ್ಟರಿಯಲ್ಲಿ ದುಡಿದವಳು. ಅಲ್ಲಿ ಒಂದು ಬಟ್ಟೆಯನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬರು ಕಾಲರ್ ಹೊಲಿದರೆ ಇನ್ನೊಬ್ಬರು ತೋಳು, ಮತ್ತೊಬ್ಬರು ಗುಂಡಿ. ಅಜ್ಜಿಯ ಕೆಲಸ ಗಂಡಸರ ಪ್ಯಾಂಟಿಗೆ ಜೇಬು ಕೂರಿಸುವುದು. ಮೂವತ್ತು ವರ್ಷವೂ ಅದೊಂದೇ.

“ಈ ಊರಿನ ಗಂಡಸರು ಕೈ ಇಟ್ಕೊಂಡು ಗತ್ತಿಂದ ಓಡಾಡ್ತಾರಲ್ಲ, ಅದೆಲ್ಲ ನನ್ನ ಜೇಬಲ್ಲೇ,” ಎನ್ನುವುದು ಅವಳ ವಾಡಿಕೆ.

“ಹಾಗಾದ್ರೆ ನನ್ನ ಸ್ಕರ್ಟಿಗೂ ಒಂದು ಹೊಲ್ದು ಕೊಡು.”

“ಕೊಡಲ್ಲ. ಕಲಿಸ್ತೀನಿ.”

ಅಪ್ಪನ ಹಳೇ ಪಟ್ಟೆಪಟ್ಟೆ ಅಂಗಿಯ ಒಂದು ತೋಳು ಕತ್ತರಿಗೆ ಬಲಿಯಾಯಿತು. ಬುಗುರಿ ಸೂಜಿ ಹಿಡಿದು ಕೂತಳು. ಅರ್ಧ ಗಂಟೆ ಮಿಸುಕಲಿಲ್ಲ. ಅಮ್ಮ ಗಾಬರಿಯಾಗಿ ಬಂದು ಅವಳ ಹಣೆ ಮುಟ್ಟಿ ನೋಡಿ ಹೋದಳು.

“ಆಯ್ತು!” ಬುಗುರಿ ಕೀ ಹಾಕಲು ಹೋದಳು. ಜೇಬಿನ ಬಾಯಿ ಸಿಗಲೇ ಇಲ್ಲ. ಅದು ಕೆಳಗೆ ನೆಲ ನೋಡುತ್ತಿತ್ತು!

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಫ್ಯಾಕ್ಟರಿಲಿ ತಪ್ಪು ಹೊಲ್ದಿದ್ದಕ್ಕೆ ಕೆಂಪು ದಾರ ಕಟ್ಟಿ ವಾಪಸ್ ಕಳಿಸ್ತಿದ್ರು. ಬಿಚ್ಚು, ಬಿಚ್ಚು.”

ಬುಗುರಿ ಗೊಣಗುತ್ತಾ ಬಿಚ್ಚಿದಳು. “ಹುಡುಗೀರಿಗೆ ಮೊದಲಿಂದ್ಲೂ ಜೇಬೇ ಇರ್ಲಿಲ್ವಾ?”

“ಯಾಕಿರ್ಲಿಲ್ಲ? ನಮ್ಮಜ್ಜಿ ಸೀರೆ ಸೊಂಟಕ್ಕೊಂದು ಚೀಲ ಸಿಕ್ಕಿಸ್ಕೋತಿದ್ಲು. ಕೈ ಹಾಕಿದ್ರೆ ಕತ್ತರಿ, ಸೂಜಿದಾರ, ಬೀಗದಕೈ... ಒಂದ್ಸಲ ಕೋಳಿಮರಿನೂ ಬಂತು.”

“ಆಮೇಲೆ?”

“ಆಮೇಲೆ ಮೈಗಂಟೋ ಬಟ್ಟೆ ಬಂತು. ಚೀಲ ಇದ್ರೆ ಉಬ್ಬಿ ಕಾಣುತ್ತೆ ಅಂತ ಬಿಟ್ರು. ಹುಡುಗೀರ ಸ್ಕರ್ಟಿಗೆ ಯಾಕೆ ಜೇಬಿಡಲ್ಲ ಅಂತ ನಾನೊಂದ್ಸಲ ಸೂಪರ್‌ವೈಸರ್‌ನ ಕೇಳಿದ್ದೆ. ‘ಯಾರೂ ಕೇಳಿಲ್ವಲ್ಲಮ್ಮ’ ಅಂದ. ‘ಈಗ ನಾನು ಕೇಳ್ತಿದ್ದೀನಲ್ಲಪ್ಪ’ ಅಂದೆ. ಅವನು ಟೀ ಕುಡಿಯೋಕೆ ಹೋದ.”

“ನಿನ್ನ ಗೌನಿಗೆ ನೀನೇ ಹೊಲ್ಕೋಬಹುದಿತ್ತು.”

ಅಜ್ಜಿ ಗೌನಿನ ಎರಡೂ ಪಕ್ಕ ಸುಮ್ಮನೆ ಸವರಿಕೊಂಡಳು. “ನಂಗ್ಯಾಕೆ, ಬಿಡು. ಅಲ್ಲಾ, ಈ ಕನ್ನಡಕ ಮತ್ತೆಲ್ಲಿಟ್ಟೆ?”

ಸೋಮವಾರ ಪಿ.ಟಿ. ಸರ್ ಸುಲಭಕ್ಕೆ ಬಿಡಲಿಲ್ಲ. ಮೈದಾನ ಎರಡು ಸುತ್ತು ಓಡಿಸಿದರು. ಹಗ್ಗ ಜಿಗಿಸಿದರು. ಒಂಟಿಕಾಲಲ್ಲಿ ಕುಂಟಿಸಿದರು. ಕೊನೆಗೆ ಏದುಸಿರು ಬಿಡುತ್ತಾ ನಿಂತ ಬುಗುರಿಯ ಕೈ ತಾನಾಗಿಯೇ ಜೇಬಿಗೆ ಹೋಯಿತು. ಕೀ ಒಳಗೆ ಬೆಚ್ಚಗೆ ಕೂತಿತ್ತು.

“ಲೀಡರ್, ಚೆಂಡು ತೆಗೀರಿ,” ಎಂದರು ಸರ್.

ಹುಡುಗಿಯರು ಅವಳನ್ನು ಮುತ್ತಿಕೊಂಡರು. ಹಿಂದಿನಿಂದ ಗಿಲಕಿಯೂ ಕತ್ತು ತೂರಿಸಿದ. “ನನ್ನ ಜೇಬು ತೂತಾಗಿದೆ ಕಣೇ. ಒಂದು ಪಟ್ಟೆಪಟ್ಟೆದು ಹೊಲ್ಕೊಡ್ತೀಯಾ?”

“ಕೊಡಲ್ಲ,” ಎಂದಳು ಬುಗುರಿ. “ಕಲಿಸ್ತೀನಿ.”

ಅಂಗಿಯ ಇನ್ನೊಂದು ತೋಳು ಹಾಗೇ ಉಳಿದಿತ್ತು. ಆ ಸಂಜೆ ಬುಗುರಿ ಅಜ್ಜಿಯ ಗೌನನ್ನು ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ಹೊರಗೆ ಬಂದ ಗೌನನ್ನು ಅಜ್ಜಿ ಕಿಟಕಿಯ ಬೆಳಕಿಗೆ ಹಿಡಿದಳು. “ಬಲಮೂಲೆ ಸೊಟ್ಟ. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ಖಂಡಿತ ಕೆಂಪು ದಾರವೇ!” ಎಂದಳು. ಆದರೆ ಬಿಚ್ಚು ಅನ್ನಲಿಲ್ಲ. ಗೌನು ಹಾಕಿಕೊಂಡು, ಕನ್ನಡಕ ಮಡಚಿ ಜೇಬಿಗಿಳಿಸಿ, ಮನೆಯೊಳಗೇ ಎರಡು ಸಲ ಅತ್ತಿಂದಿತ್ತ ನಡೆದಳು.

ಮರುದಿನ ಬೆಳಗ್ಗೆ ಬುಗುರಿ ಶೂ ಹಾಕಿಕೊಳ್ಳುತ್ತಿದ್ದಳು.

“ಬುಗುರೀ, ನನ್ನ ಕನ್ನಡಕ ನೋಡಿದ್ಯೇನೇ?”

ಬುಗುರಿಗೆ ನಗು ಬಂತು. ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು.

ಅಜ್ಜಿಯ ಕೈ ಮೊದಲು ತಲೆಯ ಮೇಲೆ ಹೋಯಿತು. ಆಮೇಲೆ ಎದೆಯ ಹತ್ತಿರ. ಆಮೇಲೆ ಫ್ರಿಜ್ಜಿನ ಮೇಲೆ, ಪೇಪರಿನ ಕೆಳಗೆ. ಇಷ್ಟು ವರ್ಷ ಹುಡುಕಿದ ಜಾಗಗಳೆಲ್ಲ ಆ ಕೈಗೆ ಬಾಯಿಪಾಠ. ಸೊಂಟದ ಪಕ್ಕಕ್ಕೆ ಮಾತ್ರ ಅದು ಒಂದು ಸಲವೂ ಹೋಗಲಿಲ್ಲ. ಅಷ್ಟೊಂದು ಜೇಬು ಹೊಲಿದ ಕೈಗೆ ಜೇಬಿನ ದಾರಿಯೇ ಗೊತ್ತಿರಲಿಲ್ಲ.

ಬುಗುರಿ ಒಂದೇ ಕಾಲಿಗೆ ಶೂ ಹಾಕಿಕೊಂಡು ಅಜ್ಜಿಯ ಪಕ್ಕ ಹೋಗಿ ನಿಂತಳು. ತನ್ನ ಜೇಬಿಗೆ ಕೈ ಹಾಕಿ ಕೀ ಅಲ್ಲಾಡಿಸಿದಳು. ಕಿಣಿಕಿಣಿ.

ಅಜ್ಜಿ ಹುಡುಕುವುದನ್ನು ನಿಲ್ಲಿಸಿ ತಿರುಗಿದಳು. ಬುಗುರಿಯ ಕೈ ಎಲ್ಲಿದೆಯೆಂದು ನೋಡಿದಳು.

ಆಮೇಲೆ ಅವಳ ಕೈಯೂ ಮೆಲ್ಲಗೆ ಕೆಳಗಿಳಿಯತೊಡಗಿತು.