ಪಿಕಪ್ಪಿನೊಳಗೆ ಕೆಂಪು ಹನಿ

"ಹತ್ತೊಂಬತ್ತು ವರ್ಷ ಉಂಡ ಮನಿಗೆ ಉಗುಳ್ಯಾನ! ಹಂಗ ಬರಿ ತಂಗಿ, ಒಂದಕ್ಷರ ಬಿಡಬ್ಯಾಡ."

ಜಮಖಂಡಿ ಕೋರ್ಟಿನ ಎದುರು ಅರ್ಜಿ ಟೈಪು ಮಾಡುವ ನೇತ್ರಾ ಇಂಥ ಸಿಟ್ಟನ್ನು ದಿನಕ್ಕೆ ಹತ್ತು ನೋಡಿದವಳು. ಆದರೆ ಬನಹಟ್ಟಿಯ ನೇಕಾರ ನೀಲಕಂಠನ ಸಿಟ್ಟಿನ ಹಿಂದೆ ಅಳುವೂ ಇತ್ತು. ಮಗಳು ರಾಜಶ್ರೀಯ ಮದುವೆಗೆಂದು ತಾನೇ ಕೂತು ನೇಯ್ದ ಹಾಲುಬಣ್ಣದ ಸೀರೆಯನ್ನು ಕುಚ್ಚು ಕಟ್ಟಿಸಲು ನಿನ್ನೆ ತನ್ನ ಹಳೆಯ ಪಿಕಪ್ಪಿನಲ್ಲಿ ಇಲ್ಲಿಗೆ ಕಳಿಸಿದ್ದ. ಗಂಟು ಬಿಚ್ಚಿದಾಗ ಸೀರೆಯ ತುಂಬ ಕೆಂಪು ಕಲೆ. ಗಾಡಿ ಓಡಿಸಿದವನು ಭೀಮಶಿ, ಎಲೆಅಡಿಕೆ ಇಲ್ಲದೆ ಸ್ಟೇರಿಂಗ್ ಹಿಡಿಯದ ಆಸಾಮಿ. ನೀಲಕಂಠ ಅವನನ್ನು ಬನಹಟ್ಟಿಯ ತಮ್ಮ ಓಣಿಯ ಮಂದಿಯೆದುರು ಬೈದು ಕೆಲಸ ಬಿಡಿಸಿದ್ದ. ಇಂದು ಪೊಲೀಸರಿಗೆ ದೂರು ಕೊಡಲು ತಾನೇ ಗಾಡಿ ತಂದಿದ್ದ.

ಭೀಮಶಿ ಬಸ್ಸು ಹತ್ತಿ ಹಿಂದೆಯೇ ಬಂದಿದ್ದ. "ಕೆಲಸ ಹೋದ್ರ ಹೋಗಲ್ರಿ. ಮದುವಿ ಸೀರಿ ಮ್ಯಾಲ ಉಗುಳಿದಂವ ಅಂತ ಹೆಸರು ಹೊತ್ತು ನಾ ಓಣ್ಯಾಗ ಹ್ಯಾಂಗ ತಿರುಗಾಡ್ಲಿ?"

ನೇತ್ರಾ ಟೈಪು ನಿಲ್ಲಿಸಿ, "ದೊಡ್ಡವ್ವಾ!" ಎಂದು ಕೂಗಿದಳು.

ಪಕ್ಕದ ಅಂಗಡಿಯಲ್ಲಿ ಗಾಡಿಗಳ ಸೀಟು ಹೊಲಿಯುವ ಶಿವವ್ವ ಎದ್ದು ಬಂದಳು. ಪೇಟೆಯಲ್ಲಿ ಬಿಡಿಸಲಾಗದ ಗಂಟೆಲ್ಲ ಕೊನೆಗೆ ಅವಳ ಮುಂದೆಯೇ ಬಂದು ಬೀಳುತ್ತಿತ್ತು. ಅವಳಿಗೂ ಅದು ಬೇಕು, ಬೇಡವೆಂದವಳಲ್ಲ. ಸೀರೆಗೆ ಸುತ್ತಿದ್ದ ತೆಳು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಉಗುಳಿದ್ರ ಅಡಿಕಿ ಚೂರು ಇರಬೇಕಲ್ಲ?"

"ಒರಸ್ಯಾನ!" ಎಂದ ನೀಲಕಂಠ.

"ಒರಸಿದ್ರ ಕಲಿ ಹರಡತಿತ್ತು. ಇವು ದುಂಡಗ ಅದಾವು, ಮ್ಯಾಲಿಂದ ಬಿದ್ದ ಹನಿ. ಭೀಮಶಿ, ಮಳಿ ಯಾವಾಗ ಬಂತು?"

"ಬನಹಟ್ಟಿ ದಾಟೂತನ ಹೊಡೀತ್ರಿ. ಆಮ್ಯಾಲ ಬಂದ್ ಆತು. ಸೀರಿ ನನ್ನ ಬಾಜೂಕ ಸೀಟಿನ ಮ್ಯಾಲ ಇತ್ತು. ಗಾಜು ಇಳಿಸೇ ಇಲ್ಲ."

"ಟಾಪ್ ಸೋರೂದಿಲ್ಲ ಶಿವವ್ವಾರ," ನೀಲಕಂಠ ತಡೆದ. "ಪ್ರೇಮಕುಮಾರ ಮುಂದಿನ ಗಾಜಿನ ರಬ್ಬರ ಬದಲಿಸ್ಯಾನ. ಬಾಗಲಾ ಮ್ಯಾಲಿನ ಸಂದೀನೂ ಬಂದ್ ಆಗೈತಿ."

ಶಿವವ್ವ ತನ್ನ ಅಂಗಡಿಯ ಸಾಲಿನಲ್ಲೇ ಗ್ಯಾರೇಜು ಇಟ್ಟಿದ್ದ ಪ್ರೇಮಕುಮಾರನನ್ನು ಕರೆಸಿ, ಬಾಗಿಲ ಮೇಲಿನ ಸಂದಿ ಮುಚ್ಚಿದ್ದು ನೀನೇನೋ ಎಂದು ಕೇಳಿದಳು.

"ನಾ ಗಾಜಿನ ರಬ್ಬರ ಅಷ್ಟ ಹಾಕೀನ್ರಿ. ಬಾಗಲಾ ಮ್ಯಾಲ ನೀರು ಹರಿಯೋ ಪಟ್ಟಿ ಮುಟ್ಟಿಲ್ಲ."

ಶಿವವ್ವ ನೇತ್ರಾಳನ್ನು ಸೀರೆಯಿದ್ದ ಸೀಟಿನಲ್ಲಿ ಕೂರಿಸಿ, ಪ್ರೇಮಕುಮಾರನ ಕೈಗೆ ತಂಬಿಗೆ ಕೊಟ್ಟಳು. ಮುಂದಿನ ಗಾಜಿನ ಸುತ್ತ ನೀರು ಸುರಿದರೆ ಒಳಗೆ ಹನಿಯಿಲ್ಲ. ಬಾಗಿಲ ಮೇಲಿನ ಪಟ್ಟಿಗೆ ಎರಡು ಬಕೆಟ್ಟು ಸುರಿದರೂ ಹನಿಯಿಲ್ಲ.

"ನೋಡಿದ್ರಿಲ್ಲೋ? ತಂಗಿ, ನೀ ಟೈಪ ಮಾಡು," ಎಂದ ನೀಲಕಂಠ.

ನೇತ್ರಾಳಿಗೆ ದೊಡ್ಡವ್ವನ ಮಾನ ಹೋಯಿತೆಂದು ನಾಚಿಕೆಯಾಯಿತು. ಶಿವವ್ವ ಮಾತ್ರ ಹಿಡಿದ ಹಟ ಬಿಡುವವಳಲ್ಲ.

"ಚಾ ತರಸ್ರಿ. ನೀ ಅಲ್ಲೇ ಕೂಡ್ರವಾ, ಅಂಗೈ ಚಾಚಿ."

ಚಹಾ ಬಂತು, ಕುಡಿದದ್ದೂ ಆಯಿತು. ನೇತ್ರಾಳ ತೋಳು ಸೋತಿತು. ಆಗ ಟಾಪಿಗೆ ಒಳಗಿಂದ ಹೊದಿಸಿದ್ದ ಹರಿದ ಬಟ್ಟೆಯಿಂದ ಅವಳ ಅಂಗೈಗೆ ತಣ್ಣಗೆ ಒಂದು ಹನಿ ಬಿತ್ತು, ಕೆಂಪಗೆ. ಅವಳು ಚಿಟ್ಟನೆ ಚೀರಿದಳು.

ಎಲ್ಲರೂ ಬಾಗಿಲಿಗೆ ಮುಗಿಬಿದ್ದರು. ಶಿವವ್ವ ನಿಧಾನವಾಗಿ ಬಿಡಿಸಿದಳು.

"ಬರೇ ತೂತು ಇದ್ರ ನೀರು ತಟ್ಟನ ಸೋರತೈತಿ. ಇದು ತಡಾ ಮಾಡಿ ಬಂತು. ಹಣತ್ಯಾಗಿನ ಬತ್ತಿ ಎಣ್ಣಿ ಎಳದಂಗ ಸಂದ್ಯಾಗ ಏನೋ ನೀರು ಎಳ್ಯಾಕತ್ತೈತಿ. ಅದಕ್ಕ ನಿನ್ನಿ ಮಳಿ ನಿಂತಮ್ಯಾಲೂ ಹನಿ ಬಿತ್ತು. ಕೆರಿಯೋ ಪ್ರೇಮಕುಮಾರ."

ಬಾಗಿಲ ಮೇಲಿನ ಸಂದಿಗೆ ಮೆತ್ತಿ ಒಣಗಿದ್ದ ಪುಟ್ಟಿ ಕೆರೆದಾಗ ಒಳಗಿಂದ ಮೊಳದುದ್ದದ ಕೆಂಪು ನೂಲಿನ ಹುರಿ ತೊಯ್ದು ಬಂತು. ಒಂದು ತುದಿ ಪುಟ್ಟಿಯ ಹೊರಗೆ ಇಣುಕಿತ್ತು, ಇನ್ನೊಂದು ಟಾಪಿನೊಳಗೆ ಇಳಿದಿತ್ತು.

"ಗ್ಯಾರೇಜಿನಂವ ಮೊದಲ ತುಕ್ಕು ಕೆರದು, ಒಣಗಿಸಿ, ಆಮ್ಯಾಲ ಸಂದಿ ಮುಚ್ಚತಾನ. ನೂಲು ತುರುಕೂದು ನೇಕಾರರ ಕೈ. ಸಂದಿ ಬಂದ್ ಆಗಿದ್ದು ಪ್ರೇಮಕುಮಾರಗೂ ಗೊತ್ತಿರಲಿಲ್ಲ. ನಿಮಗ ಹ್ಯಾಂಗ ಗೊತ್ತಾತ್ರಿ, ನೀಲಕಂಠಪ್ಪಾರ?"

ನೀಲಕಂಠ ತೊಯ್ದ ಹುರಿಯನ್ನು ಕೈಗೆತ್ತಿಕೊಂಡ. "ಬಣ್ಣಾ ಬಿಡತೈತಿ ಅಂತ ತಗದಿಟ್ಟ ನೂಲ್ರಿ ಅದು. ಮಗ್ಗದ ಮನ್ಯಾಗ ಸಂದಿ ಕಂಡ್ರ ನೂಲು ತುರುಕೂದು ನಮ್ಮ ರೂಢಿ. ಹೋದ ತಿಂಗಳ ನಾನ ತುರುಕಿ, ಮ್ಯಾಲ ಪುಟ್ಟಿ ಬಳದೆ." ಭೀಮಶಿಯ ಕೈ ಹಿಡಿಯಹೋದ. "ತಪ್ಪಾತೋ. ನಾಳಿಂದ ಕೆಲಸಕ್ಕ ಬಾ."

ಭೀಮಶಿ ಕೈ ಹಿಂದಕ್ಕೆಳೆದುಕೊಂಡ. "ಇಲ್ಲಿ ಅಂದ್ರ ಏನಾತ್ರಿ? ಬೈದದ್ದು ಓಣ್ಯಾಗ."

ಶಿವವ್ವನಿಗೂ ಅದೇ ಸರಿಯೆನಿಸಿತು. ಪ್ರೇಮಕುಮಾರ ತುಕ್ಕು ಕೆರೆದು ಸಂದಿಗೆ ನೀರು ತಡೆಯುವ ಹೊಸ ಸೀಲೆಂಟ್ ಎಳೆದ ಮೇಲೆ ಎಲ್ಲರೂ ಅದೇ ಗಾಡಿ ಹತ್ತಿದರು.

ಬನಹಟ್ಟಿಯ ಓಣಿಯಲ್ಲಿ ಕರೆಂಟ್ ಇತ್ತು. ಮನೆಮನೆಯಲ್ಲೂ ಪವರ್‌ಲೂಮ್ ಹೊಡೆದುಕೊಳ್ಳುತ್ತಿದ್ದವು, ರಸ್ತೆಯಲ್ಲಿ ನಿಂತು ಕೂಗಿದರೆ ಕೇಳುವವರಿಲ್ಲ. ನೀಲಕಂಠ ಒಂದೊಂದೇ ಮನೆ ಹೊಕ್ಕು, ಮಗ್ಗ ನಿಲ್ಲಿಸಿ, ತನ್ನ ತಪ್ಪನ್ನು ತಾನೇ ಹೇಳಿದ. ಹನ್ನೊಂದು ಮನೆಯಾಯಿತು. ಹೊರಗೆ ನಿಂತ ನೇತ್ರಾಳಿಗೆ ಅವನ ಮೇಲೆ ಮರುಕವೇ ಬಂತು.

ಕೊನೆಯದು ಭೀಮಶಿಯ ಮನೆ. ಅವನ ಹೆಂಡತಿ ಮಧುಮತಿ ಮಗ್ಗದಿಂದ ಕಣ್ಣೆತ್ತಲಿಲ್ಲ. ಆ ಸದ್ದಿನಲ್ಲೇ ನೀಲಕಂಠ, "ಭೀಮಶಿ ಉಗುಳಿಲ್ಲವಾ, ತಪ್ಪು ನಂದು," ಎಂದ.

ಅವಳು ಮಗ್ಗ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಈಗ ಅನ್ರಿ."